ವಿಳಾಸವು ಯಾರ ಸ್ವತ್ತು?

ಹೆಸರು ಮನುಷ್ಯನೊಡನೆ ಹೋಗತಕ್ಕದ್ದು. ವಿಳಾಸವು ಅವನು ಬಿಟ್ಟುಹೋದ ಮೇಲೂ ಇದ್ದಲ್ಲಿಯೇ ಉಳಿಯತಕ್ಕದ್ದು. ಈ ಭೇದವು ಮೇಲುನೋಟಕ್ಕೆ ಸ್ಪಷ್ಟವಾಗಿಯೇ ಇದೆ. ಆದರೆ ಊರುಗಳ ವಿಷಯದಲ್ಲಿ ಇವೆರಡೂ ಒಂದರೊಳಗೊಂದು ಬೆರೆತುಹೋಗಿರುವುದುಂಟು. ಕೋಲಾರದ ಸೀಮೆಯ ಮುಳಬಾಗಿಲನ್ನೇ ನೋಡಬಹುದು. ಮೂಡಲ ಬಾಗಿಲೆಂಬುದು ಆ ಹೆಸರಿನ ಮೂಲರೂಪ. ಊರೊಳಗಿನವರಿಗೆ ಅದು ಮನೆ; ಪಡುವಲಲ್ಲಿ ನಿಂತು ನೋಡುವವನಿಗೆ ಮಾತ್ರ ಅದು ಮೂಡಲ ಬಾಗಿಲು. ಹೊರಗಿನವನಿಗೆ ದಾರಿ ತಿಳಿಯಲೆಂದು ಹುಟ್ಟಿದ ಗುರುತು ಒಳಗಿನವರ ಹೆಸರಾಗಿ ನಿಂತಿತು. ಕೋಲಾರದಿಂದ ಆ ಊರಿಗೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ದೇವರಾಯಸಮುದ್ರವೂ ಇದೇ ಜಾತಿಯ ಹೆಸರು. ವಿಜಯನಗರದ ಅರಸರಲ್ಲಿ ಕಾಣಬರುವ ಒಂದು ನಾಮವೂ, ಹಿಂದಿನವರು ಕೆರೆಗೆ ಇಡುತ್ತಿದ್ದ ‘ಸಮುದ್ರ’ವೆಂಬ ಪದವೂ ಅದರಲ್ಲಿ ಕೂಡಿವೆ. ಕಡಲು ಕಾಣದ ಬಯಲುಸೀಮೆಯವರು ಕೆರೆಯನ್ನು ಸಮುದ್ರವೆಂದು ಕರೆದುದರಲ್ಲಿ ಉತ್ಪ್ರೇಕ್ಷೆ ಎಷ್ಟು, ಆಸೆ ಎಷ್ಟು ಎಂಬುದನ್ನು ಆ ಸೀಮೆಯ ಬೇಸಗೆಯನ್ನು ಕಂಡವರು ಬಲ್ಲರು.

ವಿಳಾಸವು ಅದನ್ನು ಧರಿಸಿದವನ ಕೈಯಲ್ಲಿಲ್ಲವೆಂಬುದಕ್ಕೆ ಈ ಜಿಲ್ಲೆಯ ಈಚಿನ ಚರಿತ್ರೆಯೇ ಸಾಕ್ಷಿ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಬೇರೆಯಾದಾಗ ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರುಗಳ ಜನರು ಹಾಸಿಗೆಯಿಂದ ಏಳದೆಯೇ ಮತ್ತೊಂದು ಜಿಲ್ಲೆಯವರಾದರು. ದೇವರಾಯಸಮುದ್ರದ ಹೆದ್ದಾರಿಯು ಬಹುಕಾಲ 4ನೆಯ ಸಂಖ್ಯೆಯದಾಗಿದ್ದು, 2010ರ ಮರುಸಂಖ್ಯೆಯಲ್ಲಿ 75ನೆಯದಾಯಿತು. ದಾರಿಯ ಒಂದು ಕಲ್ಲೂ ಕದಲಲಿಲ್ಲ. 1972ನೆಯ ಆಗಸ್ಟ್ 15ರಂದು ಅಂಚೆಯವರು ಆರಂಕಿಯ ಪಿನ್ ಸಂಖ್ಯೆಯನ್ನು ಜಾರಿಗೆ ತಂದ ಮೇಲೆ, ಕೋಲಾರ, ಮುಳಬಾಗಿಲು ಮೊದಲಾದ ಊರುಗಳ ಮೇಲ್ವಿಳಾಸದ ಕೊನೆಗೆ 563ರಿಂದ ಮೊದಲಾಗುವ ಸಂಖ್ಯೆಯೊಂದು ಬಂದು ಕುಳಿತಿತು. ಇವೆಲ್ಲವೂ ಎಲ್ಲಿಯೋ ಕುಳಿತ ಅಧಿಕಾರಿಗಳ ಆಜ್ಞೆಯಿಂದ ಆದುವು. ಆಜ್ಞೆಗೊಂದು ಕಡತವಿತ್ತು, ಪ್ರಕಟಣೆಯಿತ್ತು, ತಪ್ಪೆಂದು ಕಂಡವರಿಗೆ ಅರ್ಜಿ ಹಾಕಿಕೊಳ್ಳುವ ಅವಕಾಶವಿತ್ತು.

ಈಗ ಮನೆಮನೆಗೂ ಬಂದಿರುವ ಲ್ಯಾಪ್‌ಟಾಪ್ ಎಂಬ ಯಂತ್ರದಲ್ಲಿ ಈ ಅಧಿಕಾರವು ಸಾಮಾನ್ಯ ಗೃಹಸ್ಥನ ಬೆರಳ ತುದಿಗೆ ಬಂದಿದೆ. ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಪಂಕ್ತಿಯ ಆಜ್ಞೆಯನ್ನು ಬರೆದರೆ ಯಂತ್ರವು ತನ್ನ ವಿಳಾಸವನ್ನು ಬಿಟ್ಟು ಬೇರೊಂದನ್ನು ಧರಿಸುತ್ತದೆ. ಕಡತವಿಲ್ಲ, ಪ್ರಕಟಣೆಯಿಲ್ಲ, ಸಾಕ್ಷಿಯಿಲ್ಲ. ಹೀಗೆ ಮಾಡುವುದು ಹೇಗೆಂಬುದನ್ನು ಹದಿನಾರು ವರ್ಷದ ಹುಡುಗನೂ ಅರ್ಧ ಗಂಟೆಯಲ್ಲಿ ಕಲಿಯಬಲ್ಲನು. ಹೀಗೆ ಮಾಡಬಹುದೆ, ಮಾಡಬಹುದಾದರೆ ಯಾರನ್ನು ಕೇಳಿ ಮಾಡಬೇಕು ಎಂಬ ಪ್ರಶ್ನೆಯನ್ನು ಮಾತ್ರ ಕಲಿಸುವವರು ವಿರಳ. ವಿಚಾರಿಸಬೇಕಾದದ್ದು ಈ ಎರಡನೆಯದನ್ನು.

ಅದಕ್ಕೆ ಮೊದಲು ವಸ್ತುವಿನ ಸ್ವರೂಪವನ್ನು ತಿಳಿದುಕೊಳ್ಳಬೇಕು. ಲ್ಯಾಪ್‌ಟಾಪಿಗೆ ಎರಡು ಸಂಖ್ಯೆಗಳುಂಟು. ಒಂದು, ಜಾಲಕ್ಕೆ ಸೇರಿಸುವ ಅದರ ಭಾಗದಲ್ಲಿ ತಯಾರಕರೇ ಇಟ್ಟು ಕಳುಹಿಸುವ 48 ಬಿಟ್ಟುಗಳ ಸಂಖ್ಯೆ. ಇದರ ಪೂರ್ವಾರ್ಧವು ತಯಾರಕನನ್ನೂ ಉತ್ತರಾರ್ಧವು ಆ ಬಿಡಿಯಂತ್ರವನ್ನೂ ಸೂಚಿಸುತ್ತದೆ. ಇದನ್ನು ಯಂತ್ರದ ಜನ್ಮಸಂಖ್ಯೆಯೆನ್ನಬಹುದು. ಇನ್ನೊಂದು, ಯಾವ ಜಾಲಕ್ಕೆ ಹೋದರೆ ಆ ಜಾಲದಲ್ಲಿ ದೊರೆಯುವ ಐಪಿ ವಿಳಾಸ. 1981ನೆಯ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮದಂತೆ ಇದು 32 ಬಿಟ್ಟುಗಳದ್ದು. ನಾಲ್ಕು ಭಾಗಗಳಾಗಿ ನಡುವೆ ಚುಕ್ಕೆಯಿಟ್ಟು ಬರೆಯುವುದು ವಾಡಿಕೆ. ಇಂಥ ಸಂಖ್ಯೆಗಳು ಒಟ್ಟು 4,29,49,67,296 ಮಾತ್ರ. ಪ್ರಪಂಚದ ಯಂತ್ರಗಳು ಇದನ್ನು ಮೀರುವುವೆಂದು ಮುಂಚೆಯೇ ಕಂಡು, 1996ನೆಯ ಫೆಬ್ರವರಿಯಲ್ಲಿ ಕೆಲವು ಸಂಖ್ಯೆಗಳನ್ನು ಮನೆಯೊಳಗಿನ ಬಳಕೆಗೆಂದು ಗೊತ್ತುಮಾಡಿದರು. 192.168 ಎಂದು ಮೊದಲಾಗುವ ವಿಳಾಸಗಳು ಆ ಗುಂಪಿನವು. ಆದಕಾರಣ ದೇವರಾಯಸಮುದ್ರದ ಒಂದು ಮನೆಯಲ್ಲಿರುವ ವಿಳಾಸವೇ ಮಾಲೂರಿನ ಶಾಲೆಯೊಂದರಲ್ಲಿಯೂ, ಅಮೆರಿಕದಲ್ಲಿ ನೆಲಸಿದ ಕನ್ನಡ ಸಂಸಾರವೊಂದರಲ್ಲಿಯೂ ಏಕಕಾಲದಲ್ಲಿ ಇರಬಹುದು, ಒಂದಕ್ಕೊಂದು ಬಾಧಕವಿಲ್ಲ. ‘ಕೆರೆ ಕೆಳಗಿನ ಮನೆ’ ಎಂಬ ಗುರುತು ನೂರು ಊರುಗಳಲ್ಲಿರುವಂತೆಯೇ ಇದು. ಆದರೆ ಒಂದೇ ಊರಿನಲ್ಲಿ ಆ ಗುರುತು ಎರಡು ಮನೆಗಳಿಗೆ ಬಿದ್ದರೆ ಟಪಾಲಿನವನ ಪಾಡು ಏನೆಂಬುದನ್ನು ಊಹಿಸಿಕೊಳ್ಳಬಹುದು.

ಮನೆಯ ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕುಳಿತಿರುವ ರೂಟರ್ ಎಂಬ ಪೆಟ್ಟಿಗೆಯು ಸಾಮಾನ್ಯವಾಗಿ ಈ ವಿಳಾಸಗಳನ್ನು ಹಂಚುತ್ತದೆ. ಬಂದ ಯಂತ್ರವು ‘ನನಗೊಂದು ಸ್ಥಳ ಬೇಕು’ ಎಂದು ಕೂಗುತ್ತದೆ. ಪೆಟ್ಟಿಗೆಯು ತನ್ನ ಪಟ್ಟಿಯಲ್ಲಿ ಖಾಲಿಯಿರುವ ಒಂದನ್ನು ಇಂತಿಷ್ಟು ಕಾಲಕ್ಕೆಂದು ಕೊಡುತ್ತದೆ. ಈ ಪದ್ಧತಿಯ ನಿಯಮವು ಮೊದಲು 1993ರಲ್ಲಿ ಗೊತ್ತಾಗಿ 1997ರಲ್ಲಿ ಪರಿಷ್ಕೃತವಾಯಿತು. ಅದನ್ನು ರಚಿಸಿದವರು ಈ ಕೊಡುವಿಕೆಗೆ ದಾನವೆಂದಾಗಲಿ ಕ್ರಯವೆಂದಾಗಲಿ ಹೆಸರಿಡದೆ ಗುತ್ತಿಗೆಯೆಂಬ ಅರ್ಥದ ಮಾತನ್ನು ಆರಿಸಿಕೊಂಡರು. ವಾಯಿದೆ ತೀರುವ ಮುನ್ನ ಕೇಳಿ ಮುಂದುವರಿಸಿಕೊಳ್ಳಬೇಕು. ಕೇಳದೆ ಹೋದರೆ ಸ್ಥಳವು ಸಾಮಾನ್ಯಕ್ಕೆ ಹಿಂದಿರುಗಿ ಇನ್ನೊಬ್ಬನಿಗೆ ಸೇರುತ್ತದೆ. ಇಂಜಿನಿಯರುಗಳು ಪದಗಳನ್ನು ಇಡುವಾಗ ಅಷ್ಟೇನೂ ಯೋಚಿಸುವುದಿಲ್ಲವೆಂಬ ಅಪವಾದವುಂಟು. ಈ ಪದದ ಮಟ್ಟಿಗೆ ಆ ಅಪವಾದವು ಸಲ್ಲದು.

ಗುತ್ತಿಗೆಯನ್ನು ತಿರಸ್ಕರಿಸಿ ತನ್ನ ಸ್ಥಳವನ್ನು ತಾನೇ ಗೊತ್ತುಮಾಡಿಕೊಳ್ಳುವುದಕ್ಕೆ ದಾರಿಯೆಂದರೆ ಮೇಲೆ ಹೇಳಿದ ಆಜ್ಞೆ. ವಿಂಡೋಸ್ ವ್ಯವಸ್ಥೆಯಲ್ಲಿ ‘ನೆಟ್‌ಶ್’ ಎಂಬ ಪದದಿಂದಲೂ, ಲಿನಕ್ಸಿನಲ್ಲಿ ‘ಐಪಿ’ ಎಂಬ ಎರಡಕ್ಷರದಿಂದಲೂ ಅದು ಪ್ರಾರಂಭವಾಗುತ್ತದೆ. ಅದರ ಬೆನ್ನಿಗೆ ಬೇಕಾದ ವಿಳಾಸ, ನೆರೆಹೊರೆಯ ಎಲ್ಲೆಯನ್ನು ತೋರಿಸುವ ಇನ್ನೊಂದು ಸಂಖ್ಯೆ, ಹೊರಗೆ ಹೋಗುವ ಬಾಗಿಲಿನ ವಿಳಾಸ, ಇಷ್ಟನ್ನು ಬರೆದರೆ ತೀರಿತು. ಚಿತ್ರಗಳಿರುವ ಕಿಟಕಿಯಲ್ಲಿ ಇದನ್ನೇ ಮಾಡಹೊರಟರೆ ಯಂತ್ರವು ನಾಲ್ಕು ಗುಂಡಿಗಳನ್ನು ಒತ್ತಿಸಿ, ಖಾನೆಗಳನ್ನು ತುಂಬಿಸಿ, ನಡುವೆ ಬಿಡುವು ಕೊಡುತ್ತದೆ. ಕಪ್ಪು ಕಿಟಕಿಯಲ್ಲಿ ಆ ಬಿಡುವಿಲ್ಲ. ಆಜ್ಞೆ ನಡೆದರೆ ಯಂತ್ರವು ಮಾತನ್ನೇ ಆಡುವುದಿಲ್ಲ. ತಪ್ಪಿದಾಗ ಮಾತ್ರ ಗೊಣಗುತ್ತದೆ. ಹಳೆಯ ಕಾಲದ ದೊಡ್ಡ ಮನೆಗಳಲ್ಲಿ ಎದುರು ಹೇಳದ ಆಳುಗಳಿದ್ದರಷ್ಟೆ. ಅಂಥ ಆಳಿನಿಂದ ಯಜಮಾನನಿಗೆ ಆಗುತ್ತಿದ್ದ ಅನುಕೂಲವೂ ಕೇಡೂ ಎರಡೂ ಇಲ್ಲಿವೆ. ಎದುರು ಹೇಳುವವನು ಇಲ್ಲದ ಕಡೆಯಲ್ಲಿ ಹೇಳುವವನೇ ಎದುರನ್ನೂ ಹೇಳಿಕೊಳ್ಳಬೇಕಾಗುತ್ತದೆ.

ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಇಂಥ ಆಜ್ಞೆಗೆ ಅಧಿಕಾರ ಪಡೆಯಲು ‘ಸುಡೊ’ ಎಂಬ ಸಾಧನವಿದೆ. 1980ರ ಸುಮಾರಿನಲ್ಲಿ ಅಮೆರಿಕದ ಬಫಲೋ ನಗರದ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದುದು ಇದು. ಇದನ್ನು ಹೊಸದಾಗಿ ಬಳಸುವವನಿಗೆ ಅನೇಕ ಯಂತ್ರಗಳಲ್ಲಿ ಅದು ಮೊದಲ ಸಲ ಮೂರು ಮಾತಿನ ಒಂದು ಬುದ್ಧಿವಾದವನ್ನು ಹೇಳುತ್ತದೆ: ಪರರ ಗುಟ್ಟನ್ನು ಗೌರವಿಸಬೇಕು, ಬರೆಯುವ ಮುನ್ನ ಯೋಚಿಸಬೇಕು, ಅಧಿಕಾರದ ಜೊತೆಗೆ ಹೊಣೆಯೂ ಬರುತ್ತದೆ ಎಂಬುದು ಅದರ ತಾತ್ಪರ್ಯ. ಎರಡನೆಯ ಸಲದಿಂದ ಅದು ಸುಮ್ಮನಾಗುತ್ತದೆ. ಮದುವೆಯ ಮಂಟಪದಲ್ಲಿ ಪುರೋಹಿತರು ಹೇಳಿಸುವ ಮಾತುಗಳಂತೆ ಒಂದೇ ಸಲ ಕೇಳಿ ಆಮೇಲೆ ಜನ್ಮಾಂತ ನಡೆಯಬೇಕಾದ ಉಪದೇಶ; ಎಷ್ಟು ಮಂದಿ ಅದನ್ನು ಓದುವರೆಂಬುದು ಬೇರೆಯ ಮಾತು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ದೇವರಾಯಸಮುದ್ರದಲ್ಲಿ ಹೆದ್ದಾರಿಯ ಮಗ್ಗುಲಿಗೆ ಜೆರಾಕ್ಸ್ ಅಂಗಡಿಯೊಂದಿದೆ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು ಅಲ್ಲಿಯ ಕೆಲಸ. ನಡೆಸುವವನು ತಮ್ಮ. ಅಣ್ಣನು ನರಸಾಪುರದ ಕಾರ್ಖಾನೆಯೊಂದರಲ್ಲಿ ಗಣಕಗಳ ವಿಭಾಗದವನು. ಭಾನುವಾರ ಊರಿಗೆ ಬಂದ ಅಣ್ಣನಿಗೆ ತಮ್ಮನು ಹೇಳುತ್ತಾನೆ: “ಅಣ್ಣಾ, ಈ ಸ್ಕ್ಯಾನರು ದಿನಾ ಲ್ಯಾಪ್‌ಟಾಪನ್ನು ಹುಡುಕುತ್ತೆ, ಸಿಗೋದಿಲ್ಲ, ಏನಾದರೂ ಮಾಡು.” ಗುತ್ತಿಗೆಯ ವಿಳಾಸವು ದಿನದಿನಕ್ಕೆ ಬದಲಾಗುವುದೇ ಇದಕ್ಕೆ ಕಾರಣವೆಂದು ಅಣ್ಣನು ಕೂಡಲೆ ಗ್ರಹಿಸಿ, ಕಪ್ಪು ಕಿಟಕಿಯನ್ನು ತೆರೆದು, ಆ ಹೊತ್ತಿಗೆ ಲ್ಯಾಪ್‌ಟಾಪು ಧರಿಸಿದ್ದ 192.168.1.105ನ್ನೇ ಶಾಶ್ವತವಾಗಿ ಬರೆದುಬಿಡುತ್ತಾನೆ. ಸ್ಕ್ಯಾನರು ನಡೆಯುತ್ತದೆ. ತಮ್ಮನಿಗೆ ಸಂತೋಷ, ಅಣ್ಣನಿಗೆ ಕಾಫಿ. ಪೆಟ್ಟಿಗೆಯ ಪಟ್ಟಿಯಲ್ಲಿ ಮಾತ್ರ 105 ಇನ್ನೂ ಹಂಚುವ ಸಂಖ್ಯೆಗಳಲ್ಲಿಯೇ ಇದೆ. ಅಣ್ಣನು ಅದನ್ನು ತೆಗೆದಿರಿಸಲಿಲ್ಲ, ತಮ್ಮನಿಗೆ ಹೇಳಲೂ ಇಲ್ಲ. ಹೇಳಿದರೆ ಅವನಿಗೆ ತಿಳಿಯುವುದಿಲ್ಲವೆಂದು ಎಣಿಸಿದನು.

ಹತ್ತು ದಿನ ಕಳೆದ ಮೇಲೆ ಒಂದು ಬೆಳಗ್ಗೆ, ಲ್ಯಾಪ್‌ಟಾಪು ಇನ್ನೂ ಮುಚ್ಚಿರುವಾಗ, ಅದೇ ಜಾಲವನ್ನು ಹಂಚಿಕೊಂಡಿರುವ ಪಕ್ಕದ ಹೋಟೆಲಿನವರ ಫೋನು ಸ್ಥಳ ಕೇಳುತ್ತದೆ. ಪೆಟ್ಟಿಗೆಯು 105 ಖಾಲಿಯಿದೆಯೆಂದು ನಂಬಿ ಅದನ್ನು ಕೊಡುತ್ತದೆ. ಕೊಡುವ ಮುನ್ನ ವಿಚಾರಿಸುವ ಪೆಟ್ಟಿಗೆಗಳೂ ಉಂಟು, ಆದರೆ ಮಲಗಿರುವ ಯಂತ್ರವು ಉತ್ತರ ಹೇಳಲಾರದಷ್ಟೆ. ಆಮೇಲೆ ಲ್ಯಾಪ್‌ಟಾಪು ಎದ್ದು ‘105ರಲ್ಲಿ ಯಾರಾದರೂ ಇದ್ದೀರಾ’ ಎಂದು ಕೇಳಿ, ‘ಇದ್ದೇನೆ’ ಎಂಬ ಉತ್ತರ ಬರಲು ಹಿಂದೆ ಸರಿದು, 169.254 ಎಂದು ಮೊದಲಾಗುವ, ಎಲ್ಲಿಗೂ ದಾರಿಯಿಲ್ಲದ ಒಂದು ವಿಳಾಸದಲ್ಲಿ ಕುಳಿತುಬಿಡುತ್ತದೆ. ಬಸ್ಸಿನಲ್ಲಿ ಟವೆಲು ಹಾಕಿ ಹೋದವನು ಹಿಂದಿರುಗಿ ನೋಡಿದಾಗ ಬೇರೊಬ್ಬನು ಟಿಕೆಟ್ಟು ಹಿಡಿದು ಕುಳಿತಂತಾಯಿತು. ಅಂದು ಬೆಳೆಸಾಲದ ಕಾಗದ ಸಲ್ಲಿಸಲು ಕಡೆಯ ದಿನ. ಪಹಣಿಗಾಗಿ ಬಂದ ರೈತನು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತಿದ್ದು, ಮುಳಬಾಗಿಲಿಗೆ ಬಸ್ಸು ಹತ್ತುತ್ತಾನೆ. ತಮ್ಮನು ಯಂತ್ರ ಕೆಟ್ಟಿತೆನ್ನುತ್ತಾನೆ. ಹೋಟೆಲಿನವರಿಗೆ ಏನೂ ಗೊತ್ತಿಲ್ಲ. ಅಣ್ಣನು ನರಸಾಪುರದಲ್ಲಿ ಪಾಳಿಯ ಮೇಲಿದ್ದಾನೆ.

ತಪ್ಪು ಯಾರದು? ಅಣ್ಣನ ಉದ್ದೇಶ ಒಳ್ಳೆಯದು. ಅವನ ಆಜ್ಞೆಯಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲ. ಯಂತ್ರವು ಅವನದೇ ಮನೆಯದು. ಆದರೂ ರೈತನ ಒಂದು ದಿನ ಹೋದದ್ದು ಅವನಿಂದಲೇ. ಇಲ್ಲಿ ಕೆಟ್ಟದ್ದು ಸಂಖ್ಯೆಯ ಆಯ್ಕೆಗಿಂತ ಹೆಚ್ಚಾಗಿ ಮೌನ. ಹಂಚುವವನಿಗೆ ತಿಳಿಸದೆ ಹಂಚಿಕೆಯಲ್ಲಿ ಒಂದನ್ನು ತೆಗೆದುಕೊಂಡುದು, ತನ್ನ ಹಿಂದೆ ಉಳಿಯುವವನಿಗೆ ಗುರುತು ಬಿಡದೆ ಹೋದುದು, ಇವೆರಡೇ ಅವನ ಅಪರಾಧ. ‘ತಿಳಿಯುವುದಿಲ್ಲ’ವೆಂಬ ಎಣಿಕೆಯಲ್ಲಿ ತಿರಸ್ಕಾರದ ಒಂದು ಲೇಶವೂ ಇತ್ತೆಂದು ಹೇಳಬೇಕಾಗುತ್ತದೆ. ಕೈಕೆಲಸ ಬಲ್ಲವರಲ್ಲಿ ಇದು ಅಪರೂಪದ ದೋಷವೇನಲ್ಲ.

ಯಂತ್ರಗಳು ಒಂದನ್ನೊಂದು ಹೇಗೆ ನಂಬುತ್ತವೆಂಬುದನ್ನು ನೋಡಿದರೆ ಈ ಮೌನದ ಭಾರವು ಇನ್ನೂ ಹೆಚ್ಚಾಗಿ ತೋರುತ್ತದೆ. ಮನೆಯ ಜಾಲದಲ್ಲಿ ಒಂದು ಯಂತ್ರಕ್ಕೆ ಇನ್ನೊಂದರ ಐಪಿ ವಿಳಾಸ ತಿಳಿದು ಜನ್ಮಸಂಖ್ಯೆ ತಿಳಿಯದಿದ್ದರೆ, ‘ಈ ವಿಳಾಸದವರು ಯಾರು’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಯಾರು ‘ನಾನು’ ಎನ್ನುವರೋ ಅವರನ್ನು ನಂಬುತ್ತದೆ. ಸಾಕ್ಷಿಯಿಲ್ಲ, ಪ್ರಮಾಣವಿಲ್ಲ. 1982ನೆಯ ನವೆಂಬರಿನಲ್ಲಿ ಡೇವಿಡ್ ಪ್ಲಮ್ಮರ್ ಎಂಬವರು ಗೊತ್ತುಮಾಡಿದ ಈ ಪದ್ಧತಿಯು ಇಂದಿಗೂ ಕೋಟ್ಯಂತರ ಮನೆಗಳಲ್ಲಿ ನಡೆಯುತ್ತಿದೆ. ನೆರೆಯವರೆಂದರೆ ಪರಿಚಿತರು, ಪರಿಚಿತರು ಸುಳ್ಳು ಹೇಳರು ಎಂಬ ಭಾವನೆಯ ಮೇಲೆ ಅದನ್ನು ಕಟ್ಟಿದೆ. ಒಂದು ವಿಳಾಸಕ್ಕೆ ಕೂರುವ ಮುನ್ನ ‘ಇಲ್ಲಿ ಯಾರಾದರೂ ಇದ್ದೀರಾ’ ಎಂದು ವಿಚಾರಿಸಬೇಕೆಂಬ ಸಭ್ಯತೆಯನ್ನು ವಿವರವಾಗಿ ನಿಯಮ ಮಾಡಿ ಪ್ರಕಟಿಸಿದ್ದು 2008ರಲ್ಲಿ. ವಿಂಡೋಸ್ ಯಂತ್ರಗಳು ಹಾಗೆ ಕೇಳುತ್ತವೆ. ಲಿನಕ್ಸಿನ ‘ಐಪಿ’ ಆಜ್ಞೆಯು, ಈ ಹಳೆಯ ಬಗೆಯ ವಿಳಾಸಗಳ ಮಟ್ಟಿಗೆ, ತಾನಾಗಿ ಕೇಳುವುದಿಲ್ಲ, ಹೇಳಿದಲ್ಲಿ ಕೂರುತ್ತದೆ. ಅಲ್ಲಿ ಕೇಳುವ ಕೆಲಸವು ಆಜ್ಞಾಪಿಸುವವನದು.

ಈ ಸೀಮೆಯವರಿಗೆ ಇಂಥ ಹಂಚಿಕೆ ಹೊಸದಲ್ಲ. ಕೆರೆಯ ನೀರನ್ನು ಹಂಚುತ್ತಿದ್ದ ನೀರುಗಂಟಿಯ ವೃತ್ತಿಯು ಕೋಲಾರದ ಕಡೆ ತಲೆತಲಾಂತರದಿಂದ ನಡೆದುಬಂದುದು. ತೂಬನ್ನು ತೆಗೆಯುವುದು, ಮುಚ್ಚುವುದು, ಕಾಲುವೆಯ ಹೂಳನ್ನು ನೋಡಿಕೊಳ್ಳುವುದು, ಮಳೆಗಾಲದಲ್ಲಿ ಏರಿ ಒಡೆಯದಂತೆ ರಾತ್ರಿ ಕಾವಲಿರುವುದು, ಅಚ್ಚುಕಟ್ಟಿನ ಒಂದೊಂದು ಗದ್ದೆಗೂ ಸರದಿಯ ಪ್ರಕಾರ ನೀರು ತಲಪಿಸುವುದು, ಇವು ಅವನ ಕೆಲಸಗಳು. ಸುಗ್ಗಿಯಲ್ಲಿ ಪ್ರತಿಯೊಬ್ಬ ಹಿಡುವಳಿದಾರನೂ ಅವನಿಗೆ ಇಷ್ಟೆಂದು ಧಾನ್ಯವನ್ನು ಕೊಡುತ್ತಿದ್ದನು. ಇನಾಮು ಭೂಮಿಯೂ ಕೆಲವೆಡೆ ಇತ್ತು. ನೀರುಗಂಟಿಗಳು ಬಹುಮಟ್ಟಿಗೆ ದಲಿತ ಕುಲದವರು. ಊರಿನ ಜೀವನವನ್ನೇ ಅವರ ಕೈಯಲ್ಲಿಟ್ಟು ಅವರನ್ನು ಊರಿನ ಹೊರಗಿಟ್ಟ ವ್ಯವಸ್ಥೆಯನ್ನು ಹೊಗಳುವುದಕ್ಕೆ ಯಾರಿಗೂ ಬಾಯಿ ಬರಬಾರದು. ಆದರೆ ಅವರು ನಡೆಸಿದ ಹಂಚಿಕೆಯ ಧರ್ಮವು ಬೇರೆಯಾಗಿ ಎಣಿಸಬೇಕಾದ ವಸ್ತು. ಗದ್ದೆಯ ಒಡೆಯನು ಎಷ್ಟೇ ದೊಡ್ಡವನಾಗಿರಲಿ, ತೂಬಿಗೆ ಅವನು ಕೈಹಾಕುವಂತಿರಲಿಲ್ಲ. ಅವನ ಗದ್ದೆ ಅವನದು, ಸರದಿಯು ಊರಿನದು.

ನೀರು ಕಡಮೆಯಾದ ವರ್ಷಗಳಲ್ಲಿ ಕೆಲವು ಊರುಗಳಲ್ಲಿ ಒಂದು ಏರ್ಪಾಡು ನಡೆಯುತ್ತಿತ್ತು. ಅಚ್ಚುಕಟ್ಟೆಲ್ಲ ಬೆಳೆಯಲಾರದೆಂದು ಕಂಡಾಗ ರೈತರು ಕೂಡಿ ಮಾತಾಡಿ, ತೂಬಿಗೆ ಹತ್ತಿರದ ಭೂಮಿಯನ್ನು ಮಾತ್ರ ಸಾಗುವಳಿಗೆ ತೆಗೆದುಕೊಂಡು, ದೂರದ ಗದ್ದೆಯವರಿಗೂ ಅದರಲ್ಲಿ ಅವರವರ ಹಿಡುವಳಿಯ ಪ್ರಮಾಣದಲ್ಲಿ ಪಾಲು ಕೊಡುವರು. ಆ ಒಂದು ಬೆಳೆಯ ಮಟ್ಟಿಗೆ ಒಬ್ಬನ ಗದ್ದೆ ಇನ್ನೊಬ್ಬನ ಗದ್ದೆಯಾಯಿತು, ಸ್ಥಳಗಳು ಬದಲಾದುವು, ಬೆಳೆ ಕೊಯ್ದ ಮೇಲೆ ಅವರವರ ಸ್ಥಳ ಅವರವರಿಗೆ. ಇದೂ ಒಂದು ವಿಳಾಸದ ಬದಲಾವಣೆಯೇ. ಇದು ದೊಡ್ಡದಾಗಿದ್ದರೂ ಯಾರನ್ನೂ ಕೆಡಿಸಲಿಲ್ಲ, ಏಕೆಂದರೆ ಬದಲಾದುದು ಎಲ್ಲರಿಗೂ ಗೊತ್ತಿತ್ತು. ನಡುರಾತ್ರಿಯಲ್ಲಿ ಮಡಕೆಯ ಮಣ್ಣನ್ನು ಕಾಲಿನಿಂದ ಸರಿಸಿ ತನ್ನ ಗದ್ದೆಗೆ ಒಂದು ಗಳಿಗೆ ಹೆಚ್ಚು ನೀರು ಬಿಟ್ಟುಕೊಂಡವನು ಮಾಡಿದ್ದು ಅಳತೆಯಲ್ಲಿ ಅಲ್ಪ, ಆದರೆ ಅದರಿಂದ ಊರಿನಲ್ಲಿ ಹೊಡೆದಾಟಗಳಾಗಿವೆ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಶಾಸನದ ತರುವಾಯ ಹಳೆಯ ಏರ್ಪಾಡು ಸಡಿಲವಾಯಿತು. ಕೊಳವೆಬಾವಿಗಳು ಬಂದ ಮೇಲೆ ತನ್ನ ನೀರು ತನ್ನದೆಂಬ ಭಾವನೆ ಬಲಿಯಿತು. ಆ ಭಾವನೆಯು ಸಾವಿರ ಅಡಿ ಮೀರಿ ಕೊರೆದ ಒಣ ಬಾವಿಗಳಲ್ಲಿ ಎಲ್ಲಿಗೆ ಮುಟ್ಟಿತೆಂಬುದನ್ನು ಕೋಲಾರದವರಿಗೆ ಹೇಳಬೇಕಾದ ಅವಶ್ಯವಿಲ್ಲ.

ಜಗತ್ತಿನ ವಿಳಾಸಗಳಿಗೂ ಒಬ್ಬ ನೀರುಗಂಟಿಯಿದ್ದನು. ಜಾನ್ ಪೋಸ್ಟೆಲ್ ಎಂಬ ಅಮೆರಿಕದ ವಿದ್ವಾಂಸನು ಜಾಲದ ಸಂಖ್ಯೆಗಳ ಲೆಕ್ಕವನ್ನು ಬಹುವರ್ಷ ಇಟ್ಟುಕೊಂಡು, ಕೇಳಿದವರಿಗೆ ಹಂಚುತ್ತ, 1998ನೆಯ ಅಕ್ಟೋಬರ್ 16ರಂದು ಕಾಲವಾದನು. ಅವನಿಗೆ ದಂಡವೂ ಇರಲಿಲ್ಲ, ಸೈನ್ಯವೂ ಇರಲಿಲ್ಲ; ಅವನ ಲೆಕ್ಕವನ್ನು ಎಲ್ಲರೂ ಒಪ್ಪುತ್ತಿದ್ದರು, ಅಷ್ಟೇ. 2011ನೆಯ ಫೆಬ್ರವರಿ 3ರಂದು ಸಂಗ್ರಹದ ಕೊನೆಯ ಗುಂಪುಗಳೂ ಹಂಚಿಹೋದುವು. ಅದೇ ವರ್ಷ ದಿವಾಳಿಯಾಗಿದ್ದ ನಾರ್ಟೆಲ್ ಕಂಪೆನಿಯ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟಿನವರು 75 ಲಕ್ಷ ಡಾಲರಿಗೆ ಕೊಂಡರು. ಕೇಳಿದವರಿಗೆ ಕೊಟ್ಟ ಸರದಿಯು ಕ್ರಯದ ವಸ್ತುವಾಯಿತು. ಅಭಾವವು ಬಂದಾಗ ಹಂಚಿಕೆಯು ಸಂತೆಯಾಗುವುದು ಕೆರೆಯಲ್ಲಿಯೂ ಉಂಟು, ಜಾಲದಲ್ಲಿಯೂ ಉಂಟು. ಅನಂತರದ ಹೊಸ ಬಗೆಯ ವಿಳಾಸಗಳು 128 ಬಿಟ್ಟುಗಳವಾದುದರಿಂದ ಅಭಾವವೇನೋ ನೀಗಿತು; ತಿಳಿಸುವ ಕರ್ತವ್ಯವು ಮಾತ್ರ ಅಭಾವದಿಂದ ಹುಟ್ಟಿದುದಲ್ಲವಾದ ಕಾರಣ ಹಾಗೆಯೇ ಉಳಿಯಿತು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ನೆರೆಯವರಿಗೆ ವಿಳಾಸದ ಮೇಲೆ ಹಕ್ಕಿದೆಯೆಂದರೆ, ಆ ಹಕ್ಕಿಗೆ ಕೊನೆಯೆಲ್ಲಿ? ಒಬ್ಬನನ್ನು ಕಾಣುವುದಕ್ಕೆ ವಿಳಾಸ ಬೇಕು, ನಿಜ. ಅವನನ್ನು ಹಿಂಬಾಲಿಸುವುದಕ್ಕೂ ಅದೇ ವಿಳಾಸವು ಸಾಕಾಗುತ್ತದೆ. ಈ ಆಕ್ಷೇಪದಲ್ಲಿ ಸತ್ಯವಿದೆ. ಫೋನುಗಳೂ ಲ್ಯಾಪ್‌ಟಾಪುಗಳೂ ತಮ್ಮ ಜನ್ಮಸಂಖ್ಯೆಯನ್ನು ಹೋದಹೋದಲ್ಲಿ ಗಾಳಿಯಲ್ಲಿ ಕೂಗುತ್ತಿದ್ದ ಕಾಲದಲ್ಲಿ, ಅಂಗಡಿಯವರು ಬಾಗಿಲಲ್ಲಿ ಒಂದು ಯಂತ್ರವನ್ನಿಟ್ಟು ಯಾರು ಎಷ್ಟು ಹೊತ್ತು ಯಾವ ಸಾಮಾನಿನ ಮುಂದೆ ನಿಂತರೆಂಬುದನ್ನು ಬರೆದಿಟ್ಟುಕೊಳ್ಳಬಹುದಾಗಿತ್ತು. ಇದನ್ನು ತಪ್ಪಿಸಲೆಂದೇ ಆಪಲ್‌ನವರು 2014ರಿಂದ ಮೊದಲುಗೊಂಡು ಕ್ರಮೇಣವಾಗಿಯೂ, ಆಂಡ್ರಾಯ್ಡಿನವರು 2019ರ ಆವೃತ್ತಿಯಿಂದ ಎಲ್ಲರಿಗೂ ಅನ್ವಯವಾಗುವಂತೆಯೂ, ಯಂತ್ರವು ಹೊಸ ಹೊಸ ಜಾಲದಲ್ಲಿ ಕಲ್ಪಿತವಾದ ಬೇರೆ ಬೇರೆ ಜನ್ಮಸಂಖ್ಯೆಯನ್ನು ಹೇಳುವ ಏರ್ಪಾಡು ಮಾಡಿದರು. ಇದು ಸುಳ್ಳೇ? ದಾರಿಯಲ್ಲಿ ಹೋಗುವಾಗ ಅಪರಿಚಿತನು ಹೆಸರು ಕೇಳಿದರೆ ‘ಇಲ್ಲೇ ಮುಂದಿನ ಊರಿನವನು’ ಎಂದು ಹೇಳಿ ಮುಂದೆ ನಡೆಯುವವನನ್ನು ಸುಳ್ಳುಗಾರನೆಂದು ಯಾರೂ ಹಳಿಯುವುದಿಲ್ಲ. ಅವನಿಗೆ ಹೆಸರು ತಿಳಿಯುವ ಹಕ್ಕಿರಲಿಲ್ಲ. ಸಂತೆಯಲ್ಲಿ ಸಾಲ ತೆಗೆದುಕೊಳ್ಳುವಾಗ ಬೇರೆ ಹೆಸರು ಹೇಳಿದವನ ಮಾತು ಬೇರೆ. ಎರಡರಲ್ಲಿಯೂ ಹೆಸರು ಬದಲಾಗಿದೆ. ಕೇಳಿದವನಿಗೆ ಸಲ್ಲಬೇಕಾದುದು ಏನಾದರೂ ಇತ್ತೆ ಎಂಬುದರಲ್ಲಿ ಭೇದವಿದೆ.

ಈ ಭೇದವನ್ನು ಬಹು ಕಠಿನವಾಗಿ ಪರೀಕ್ಷಿಸಿದ ಒಂದು ಪ್ರಸಂಗವು ಅಮೆರಿಕದಲ್ಲಿ ನಡೆಯಿತು. ಆರನ್ ಸ್ವಾರ್ಟ್ಸ್ ಎಂಬ ತರುಣನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ನೀತಿಶಾಸ್ತ್ರದ ಕೇಂದ್ರವೊಂದರಲ್ಲಿ ಸಂಶೋಧಕನಾಗಿದ್ದನು. ವಿದ್ವತ್ಪತ್ರಿಕೆಗಳಲ್ಲಿರುವ ಜ್ಞಾನವು ಹಣವುಳ್ಳವರ ಸೊತ್ತಾಗಬಾರದೆಂಬುದು ಅವನ ನಂಬಿಕೆ. 2010ನೆಯ ಸೆಪ್ಟೆಂಬರಿನಲ್ಲಿ ಅವನು ಒಂದು ಏಸರ್ ಲ್ಯಾಪ್‌ಟಾಪನ್ನು ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ಜಾಲಕ್ಕೆ ಅತಿಥಿಯಾಗಿ ಸೇರಿಸಿ, ಜೇಸ್ಟೋರ್ ಎಂಬ ಲೇಖನಭಂಡಾರದಿಂದ ಲಕ್ಷಗಟ್ಟಲೆ ಲೇಖನಗಳನ್ನು ಇಳಿಸಿಕೊಳ್ಳತೊಡಗಿದನು. ಭಂಡಾರದವರು ಅವನ ಐಪಿ ವಿಳಾಸವನ್ನು ತಡೆದರು. ಅವನು ವಿಳಾಸವನ್ನು ಬದಲಿಸಿದನು. ವಿದ್ಯಾಸಂಸ್ಥೆಯವರು ಯಂತ್ರದ ಜನ್ಮಸಂಖ್ಯೆಯನ್ನು ತಡೆದರು, ಅದನ್ನೂ ಬದಲಿಸಿದನು. ಒಬ್ಬನನ್ನು ಹಿಡಿಯಲಾರದೆ ಅಕ್ಟೋಬರಿನಲ್ಲಿ ಭಂಡಾರದವರು ಕೆಲವು ದಿನ ಇಡೀ ವಿದ್ಯಾಸಂಸ್ಥೆಗೇ ಬಾಗಿಲು ಮುಚ್ಚಿದರು. 2011ನೆಯ ಜನವರಿ 6ರಂದು ಅವನು ಬಂಧಿತನಾದನು. ಭಂಡಾರದವರು ತಮ್ಮ ವ್ಯಾಜ್ಯವನ್ನು ಅವನೊಡನೆ ತೀರಿಸಿಕೊಂಡರೂ ಸರ್ಕಾರದ ವಕೀಲರು ಬಿಡಲಿಲ್ಲ; 2012ರಲ್ಲಿ ಆರೋಪಗಳ ಸಂಖ್ಯೆ 13ಕ್ಕೆ ಏರಿತು. ವಿಳಾಸಗಳನ್ನು ಬದಲಿಸಿದುದು ಆ ಆರೋಪಪತ್ರದಲ್ಲಿ ವಂಚನೆಯ ಲಕ್ಷಣವಾಗಿ ಸೇರಿತ್ತು. ವಿಚಾರಣೆ ನಡೆಯುವ ಮುನ್ನವೇ, 2013ನೆಯ ಜನವರಿ 11ರಂದು, 26ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು.

ಈ ಪ್ರಸಂಗದಲ್ಲಿ ದಂಡದ ಅಳತೆಯು ಅಪರಾಧದ ಅಳತೆಯನ್ನು ಬಹುದೂರ ಮೀರಿತ್ತೆಂಬುದರಲ್ಲಿ ವಿವೇಕಿಗಳಿಗೆ ಸಂದೇಹವಿರಲಾರದು. ಜ್ಞಾನವು ಸರ್ವರದಾಗಬೇಕೆಂಬ ಅವನ ಮಾತೂ ತಳ್ಳಿಹಾಕತಕ್ಕದ್ದಲ್ಲ. ಹಳ್ಳಿಯ ಕಾಲೇಜಿನಲ್ಲಿ ಓದುವ ಹುಡುಗಿಗೆ ಒಂದು ಲೇಖನ ಓದಲು ಅವಳ ತಂದೆಯ ವಾರದ ಕೂಲಿ ಬೇಕಾಗುವ ಏರ್ಪಾಡನ್ನು ನ್ಯಾಯವೆನ್ನುವುದು ಕಷ್ಟ. ಹೀಗಿದ್ದರೂ, ವಿಳಾಸದ ವಿಚಾರವನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಒಂದು ಅಂಶ ಉಳಿಯುತ್ತದೆ. ಅವನು ಒಂದು ವಿಳಾಸದಿಂದ ಇನ್ನೊಂದಕ್ಕೆ ಸರಿದಾಗ ಅವನ ಮೇಲೆ ಬೀಳಬೇಕಾಗಿದ್ದ ತಡೆಯು ಅವನ ನೆರೆಯವರ ಮೇಲೆ ಬಿದ್ದಿತು. ಅಂದು ಗ್ರಂಥಭಂಡಾರದ ಬಾಗಿಲು ಮುಚ್ಚಿದ್ದನ್ನು ಕಂಡ ವಿದ್ಯಾರ್ಥಿಗಳಿಗೆ ಅವನ ಹೆಸರೂ ಗೊತ್ತಿರಲಿಲ್ಲ. ಕಾನೂನನ್ನು ಬಹಿರಂಗವಾಗಿ ಮುರಿದು ಅದರ ಫಲವನ್ನು ತಾನೇ ಹೊತ್ತುಕೊಳ್ಳುವುದು ಸತ್ಯಾಗ್ರಹದ ಮಾರ್ಗ. ಅಲ್ಲಿ ವಿಳಾಸವು ಸ್ಥಿರವಾಗಿರುವುದೇ ಬಲ. 1938ರಲ್ಲಿ ಶಿವಪುರದಲ್ಲಿ ಧ್ವಜವನ್ನು ಹಾರಿಸಿ ಸೆರೆಗೆ ಹೋದವರು ತಾವು ಯಾರೆಂಬುದನ್ನು ಮರೆಸಿರಲಿಲ್ಲ. ತರುಣನ ಉದ್ದೇಶವು ಅವರದರಷ್ಟೇ ಉಜ್ಜ್ವಲವಾಗಿದ್ದಿರಬಹುದು. ಅವನು ಹಿಡಿದ ಉಪಾಯದಲ್ಲಿ ಮಾತ್ರ ಆ ಬಲಕ್ಕೆ ಎಡೆಯಿರಲಿಲ್ಲ.

ದೇವರಾಯಸಮುದ್ರದ ಅಂಗಡಿಯ ಮಾತು ಇಷ್ಟು ಗಂಭೀರವಾದುದಲ್ಲ. ಅದಕ್ಕೆ ಪರಿಹಾರವೂ ಸುಲಭ. ರೂಟರಿನ ಪಟ್ಟಿಯಲ್ಲಿ ಹಂಚುವ ಸಂಖ್ಯೆಗಳನ್ನು 100ರಿಂದ 199ರವರೆಗೆ ಎಂದು ಗೊತ್ತುಮಾಡಿದ್ದರೆ, ಕೈಯಿಂದ ಬರೆಯುವ ವಿಳಾಸಕ್ಕೆ 50ನ್ನೋ 60ನ್ನೋ ಆರಿಸಿಕೊಳ್ಳಬಹುದು. ಇಲ್ಲವೆ ಆ ಲ್ಯಾಪ್‌ಟಾಪಿಗೆ ಯಾವಾಗಲೂ ಒಂದೇ ಸಂಖ್ಯೆಯನ್ನು ಕೊಡುವಂತೆ ಪೆಟ್ಟಿಗೆಗೇ ಹೇಳಿಡಬಹುದು. ಎರಡನೆಯದು ಮೇಲು. ಅದರಲ್ಲಿ ಸ್ಥಳವು ಸ್ಥಿರವಾಗುತ್ತದೆ, ಹಂಚುವವನಿಗೂ ತಿಳಿದಿರುತ್ತದೆ. ಯಾವ ದಿನ ಯಾವ ಯಂತ್ರಕ್ಕೆ ಯಾವ ಸಂಖ್ಯೆಯನ್ನು ಏಕೆ ಬರೆದೆನೆಂದು ನಾಲ್ಕು ಪಂಕ್ತಿ ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಮೇಲ್ಗಡೆ ಗೋಡೆಗೆ ಅಂಟಿಸಿದ್ದರೆ ತಮ್ಮನಿಗೆ ಅರ್ಥವಾಗದೆ ಇರುತ್ತಿರಲಿಲ್ಲ. ಲಿನಕ್ಸಿನಲ್ಲಿ ಆಜ್ಞೆಯಿಂದ ಮಾಡಿದ ಬದಲಾವಣೆಯು, ಕಡತದಲ್ಲಿ ಬರೆದಿಡದೆ ಇದ್ದರೆ, ಯಂತ್ರವನ್ನು ಆರಿಸಿ ಹೊತ್ತಿಸಿದೊಡನೆ ಅಳಿಸಿಹೋಗುತ್ತದೆ. ವಿಂಡೋಸಿನಲ್ಲಿ ಹಾಗಲ್ಲ, ಹೇಳಿದ್ದು ನಿಲ್ಲುತ್ತದೆ. ಬಾಯಿಮಾತಿಗೂ ಬರವಣಿಗೆಗೂ ಇರುವ ಈ ಅಂತರವನ್ನು ಅರಿಯದೆ ಅನೇಕರು ಇಂದು ಸರಿಹೋದುದು ನಾಳೆ ಕೆಟ್ಟಿತೆಂದೂ, ನಿನ್ನೆ ಮುಗಿಯಿತೆಂದುಕೊಂಡುದು ಇನ್ನೂ ಇದೆಯೆಂದೂ ಬೆರಗಾಗುತ್ತಾರೆ.

ಇನ್ನು ಒಂದು ಸಂದರ್ಭವನ್ನು ಹೇಳಬೇಕು; ಅದು ಇಷ್ಟು ಸುಲಭವಾದುದಲ್ಲ. ವಿದ್ಯಾರ್ಥಿನಿಲಯಗಳಲ್ಲಿ ಒಂದೊಂದು ಯಂತ್ರಕ್ಕೂ ಜನ್ಮಸಂಖ್ಯೆಯನ್ನು ನೋಡಿ ದಿನಕ್ಕೆ ಇಷ್ಟೆಂದು ಜಾಲವನ್ನು ಅಳೆದು ಕೊಡುವ ಏರ್ಪಾಡುಂಟು. ತನ್ನ ಪಾಲು ಮುಗಿದೊಡನೆ ಸಂಖ್ಯೆ ಬದಲಿಸಿ ಸಿನಿಮಾ ನೋಡುವವನು ನಡುರಾತ್ರಿ ಮಡಕೆ ತೆಗೆದವನ ತಮ್ಮನೇ ಸರಿ. ಆದರೆ ಯಾರದೋ ಬರವಣಿಗೆಯ ತಪ್ಪಿನಿಂದ ಒಬ್ಬ ಹುಡುಗನ ಯಂತ್ರವು ಶುಕ್ರವಾರ ಸಂಜೆ ಪಟ್ಟಿಯಿಂದ ಬಿದ್ದುಹೋಯಿತೆಂದು ಇಟ್ಟುಕೊಳ್ಳಬಹುದು. ಮೇಲ್ವಿಚಾರಕರು ಸೋಮವಾರ ಬರುತ್ತಾರೆ. ಅವರ ಫೋನು ಉತ್ತರ ಕೊಡುತ್ತಿಲ್ಲ. ಪರೀಕ್ಷೆಯ ಅರ್ಜಿಗೆ ಭಾನುವಾರ ರಾತ್ರಿ ಹನ್ನೆರಡು ಗಂಟೆಯೇ ಗಡುವು. ಊರಿಗೆ ಹೋಗಿರುವ ಕೊಠಡಿಯ ಗೆಳೆಯನ ಯಂತ್ರದ ಸಂಖ್ಯೆ ಅವನಿಗೆ ಗೊತ್ತು. ಕಪ್ಪು ಕಿಟಕಿ ತೆರೆದಿದೆ. ಒಂದು ಪಂಕ್ತಿ ಸಾಕು. ಹುಡುಗನು ಒಂದು ವರ್ಷವನ್ನು ಕಳೆದುಕೊಳ್ಳಲಿ ಎಂದು ಹೇಳುವ ನೀತಿಯು ಕಲ್ಲಿನ ನೀತಿ. ಅವನು ಆ ಪಂಕ್ತಿಯನ್ನು ಬರೆಯಬಹುದು. ಬರೆಯುವ ಮುನ್ನ ಗೆಳೆಯನಿಗೆ ಫೋನು ಮಾಡಿ ಕೇಳುವುದಕ್ಕೆ ಅರ್ಧ ನಿಮಿಷ ಸಾಕು, “ತಗೊಳ್ಳೋ, ಅದಕ್ಕೇನು” ಎಂದು ಅವನು ಹೇಳದೆ ಇರಲಾರನು. ಅರ್ಜಿ ಸಲ್ಲಿಸಿದ ಕೂಡಲೆ ಹಳೆಯ ಸಂಖ್ಯೆಗೆ ಹಿಂದಿರುಗಬೇಕು. ಇಷ್ಟಾದರೂ, ಊರಿನಲ್ಲಿದ್ದ ಗೆಳೆಯನು ಭಾನುವಾರ ರಾತ್ರಿ ನಿಲಯದಲ್ಲಿಯೇ ಇದ್ದನೆಂದು ಮೇಲ್ವಿಚಾರಕರ ದಾಖಲೆಯು ಹೇಳುತ್ತಿರುತ್ತದೆ. ಆದುದರಿಂದ ಸೋಮವಾರ ಬೆಳಗ್ಗೆ ಅವರ ಕೊಠಡಿಗೆ ಹೋಗಿ, ಹೀಗೆ ಮಾಡಿದೆನೆಂದು ಹೇಳಿ, ಬೈಸಿಕೊಂಡು ಬರುವ ಕೆಲಸವೊಂದು ಹುಡುಗನಿಗೆ ಬಾಕಿಯಿದೆ.